ದೊಡ್ಡಮ್ಮನ ಮಂಡಿ ಆಪರೇಷನ್ನು, ಆ ಒತ್ತಿ ನೋಡೋ ಪರೀಕ್ಷೆ

ಅಕ್ಕಾ, ನಿನ್ನ ಮೆಸೇಜ್ ನೋಡ್ದೆ. ದೊಡ್ಡಮ್ಮನ ಮಂಡಿಗೂ ಕೈಗೂ ಏನೋ ಮೆಷಿನ್ ಒತ್ತಿ ನೋಡಿ, 'ಇವರಿಗೆ ನೋವು ಬೇಗ ಗೊತ್ತಾಗುತ್ತೆ, ಆಪರೇಷನ್ ಆದ್ಮೇಲೆ ಜಾಸ್ತಿ ನೋಯಬಹುದು' ಅಂದ್ರಂತೆ. ಹಾಗಾದ್ರೆ ಮಾಡಿಸೋದೇ ಬೇಡ್ವಾ ಅಂತ ಕೇಳಿದೀಯ. ಆ ಒಂದು ಕಾರಣಕ್ಕೆ ಬಿಡೋದು ಬೇಡ. ಸ್ವಲ್ಪ ಉದ್ದ ಆಗುತ್ತೆ, ಕೇಳು.

ಅದು ಆಲ್ಗೋಮೀಟರ್, ಎಷ್ಟು ಒತ್ತಿದ್ರೆ ನೋವು ಶುರುವಾಗುತ್ತೆ ಅಂತ ಅಳೆಯೋ ಮೆಷಿನ್. ತುದೀಲಿ ಸುಮಾರು ಒಂದು ಚದರ ಸೆಂಟಿಮೀಟರಿನ ರಬ್ಬರ್ ಬಿಲ್ಲೆ ಇರುತ್ತೆ. ಒಂದೇ ಸಮನೆ ಒತ್ತಡ ಏರಿಸ್ತಾ ಹೋಗ್ತಾರೆ. ಬರೀ ಒತ್ತಿದ ಹಾಗೆ ಇದ್ದದ್ದು ನೋವು ಅನ್ನಿಸೋಕೆ ಶುರುವಾದ ಕ್ಷಣಾನೇ 'ಹ್ಞಾ' ಅನ್ನಬೇಕು, ತಡ್ಕೊಳ್ಳೋವಷ್ಟೂ ತಡ್ಕೊಂಡು ಕೂರೋದಲ್ಲ. ಎಡವಟ್ಟಾಗೋದೇ ಇಲ್ಲಿ. ನಮ್ಮ ಹಿರಿಯರು ಹಲ್ಲುಕಚ್ಚಿ ಕೂತುಬಿಡ್ತಾರೆ, ಅಂಕಿ ಸುಳ್ಳೇ ಮೇಲೆ ಹೋಗುತ್ತೆ. ಒತ್ತೋರು ಅವಸರ ಮಾಡಿದ್ರೂ ಅಷ್ಟೇ, ಬಾಯಿ ಬಿಡೋಷ್ಟರಲ್ಲಿ ಅಂಕಿ ಮುಂದೆ ಓಡಿರುತ್ತೆ. ಬೆಳಿಗ್ಗೆ ನೋವಿನ ಮಾತ್ರೆ ನುಂಗಿದ್ರೂ ಲೆಕ್ಕ ತಪ್ಪಬಹುದು. ಅದಕ್ಕೇ ಬಿಟ್ಟು ಬಿಟ್ಟು ಎರಡು ಮೂರು ಸಲ ಒತ್ತಿ ಸರಾಸರಿ ತಗೋತಾರೆ.

ಕೈಗೆ ಯಾಕೆ ಒತ್ತಿದ್ರು ಅಂದ್ಯಲ್ಲ. ಸವೆದ ಮಂಡಿ ಮುಟ್ಟಿದ್ರೆ ನೋಯೋದು ಸಹಜ. ಏನೂ ಆಗಿಲ್ಲದ ಮುಂಗೈ ಕೂಡ ಸ್ವಲ್ಪಕ್ಕೇ ನೊಂದ್ರೆ, ಬೆನ್ನುಹುರಿ, ಮಿದುಳಿನ ಮಟ್ಟದಲ್ಲೇ ರೇಡಿಯೋ ವಾಲ್ಯೂಮ್ ಏರಿಸಿಟ್ಟ ಹಾಗೆ ಆಗಿದೆ ಅಂತ ಅರ್ಥ. ಚೂಪು ತುದಿಯಿಂದ ಸೆಕೆಂಡಿಗೊಂದರಂತೆ ಹತ್ತು ಸಲ ಚುಚ್ಚಿ, ಮೊದಲನೇದಕ್ಕಿಂತ ಹತ್ತನೇದು ಎಷ್ಟು ಜಾಸ್ತಿ ನೋಯ್ತು ಅಂತ ಕೇಳೋ ಪರೀಕ್ಷೇನೂ ಇದೆ. ಮಂಡಿ ಬದಲಾಯಿಸಿದ ಮೇಲೂ ತಿಂಗಳುಗಟ್ಟಲೆ ಉಳಿಯೋ ನೋವಿಗೂ, ಹೀಗೆ ನೋವು ಏರ್ತಾ ಹೋಗೋದಕ್ಕೂ ನಂಟಿದೆ ಅಂತ ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದಾರೆ.

ಆದ್ರೆ ಇದನ್ನ ಎಷ್ಟು ನಂಬೋದು? 2010ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರು. ಆಪರೇಷನ್ ಆದ್ಮೇಲೆ ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ ನೋಯುತ್ತಲ್ಲ, ಆ ವ್ಯತ್ಯಾಸದಲ್ಲಿ ಆಪರೇಷನ್ನಿಗೆ ಮುಂಚಿನ ಪರೀಕ್ಷೆ ವಿವರಿಸಿದ್ದು, ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ, ಶೇ. 4ರಿಂದ 54. ಅಷ್ಟು ಅಗಲದ ಅಂದಾಜು ಹಿಡ್ಕೊಂಡು ಒಬ್ಬರ ಹಣೆಬರಹ ಹೇಳೋಕಾಗಲ್ಲ. ಮೊದಲಿಂದ ಇರೋ ನೋವು, ಭಯ, ವಯಸ್ಸು, ಯಾವ ಆಪರೇಷನ್ನು ಅನ್ನೋದೂ ಅಷ್ಟೇ ಮುಖ್ಯ. ವಯಸ್ಸಾದವರಿಗಿಂತ ಚಿಕ್ಕವರಿಗೇ ನೋವು ಜಾಸ್ತಿ ಕಾಣೋದು, ಗೊತ್ತಾ? ಇನ್ನೊಂದು ಸ್ವೀಡನ್ನಿನ ಅಧ್ಯಯನ ನನಗೆ ಇಷ್ಟ: ಡ್ರಿಪ್ ಸೂಜಿ ಹಾಕುವಾಗ ಎಷ್ಟು ನೋಯ್ತು ಅಂತ ಕೇಳಿದ್ರೇ, ಆಪರೇಷನ್ ಆದ್ಮೇಲಿನ ನೋವಿನ ಬಗ್ಗೆ ಒಂದು ಸುಳಿವು ಸಿಗುತ್ತಂತೆ. ಖರ್ಚೇ ಇಲ್ಲ.

ಈಗ ನೀನು ಮಾಡಬೇಕಾದ್ದು. ಅರಿವಳಿಕೆ ಡಾಕ್ಟರ ಚೆಕಪ್ಪಿಗೆ ಹೋದಾಗ ಆ ಪರೀಕ್ಷೆ ವಿಷಯ ಹೇಳು. ಜೊತೆಗೆ ಸೊಂಟನೋವು, ನಿದ್ದೆ ಬರದೇ ಇರೋದು, ಟ್ರಮಡಾಲ್ ಥರದ ಜೋರು ನೋವಿನ ಮಾತ್ರೆ ಏನಾದ್ರೂ ದಿನಾ ತಗೋತಿದ್ರೆ ಅದು, ಹಿಂದೆ ಯಾವ ಮಾತ್ರೆಗೆ ವಾಂತಿ ಆಗಿತ್ತು, ಎಲ್ಲಾನೂ. ನರದ ಬ್ಲಾಕ್, ಅಂದ್ರೆ ಕಾಲಿನ ನರದ ಹತ್ತಿರ ಕೊಡೋ ಮರಗಟ್ಟಿಸೋ ಇಂಜೆಕ್ಷನ್, ಕೊಡ್ತಾರಾ, ಎಷ್ಟು ಹೊತ್ತಿಗೆ ಅದರ ಪ್ರಭಾವ ಬಿಡುತ್ತೆ ಅಂತ ಕೇಳಿ ಬರ್ಕೋ. ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ. ಅದು ಬಿಡೋದು ಎಷ್ಟೋ ಸಲ ಮಧ್ಯರಾತ್ರೀಲಿ, ಒಂದೇ ಸಲ ನೋವು ಎದ್ದುಬಿಡುತ್ತೆ. ಬಿಡೋ ಮುಂಚೆಯೇ ಮಾತ್ರೆ ಹೊಟ್ಟೇಲಿರಬೇಕು. 'ನೋವಿಲ್ವಲ್ಲ, ಯಾಕೆ ಬೇಕು' ಅಂತ ದೊಡ್ಡಮ್ಮ ಖಂಡಿತ ಅಂತಾರೆ, ಕೇಳ್ಬೇಡ, ಬರ್ಕೊಟ್ಟ ಹೊತ್ತಿಗೆ ಕೊಡಿಸು. ಪ್ಯಾರಾಸಿಟಮಾಲ್ ಬೇರೆ ಹೆಸರಲ್ಲಿ ಎರಡು ಕಡೆ ಬರೆದಿಲ್ಲ ತಾನೆ ಅಂತ ಚೀಟಿ ನೋಡು.

ನರ್ಸ್ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂದ್ರೆ, ಸುಮ್ಮನೆ ಮಲಗಿದ್ದಾಗಿನ ಅಂಕಿ ಸಾಲದು, ಕಾಲು ಮಡಚಿದಾಗಿನದ್ದೂ ಹೇಳೋಕೆ ಹೇಳು. ಫಿಸಿಯೋ ವ್ಯಾಯಾಮ ಮಾಡೋಕಾಗದೆ ನಿಂತುಹೋಗೋದು ಆ ನೋವಿಂದಾನೇ.

ದೊಡ್ಡಮ್ಮನ ಕ್ರಿಯಾಟಿನಿನ್ (ಕಿಡ್ನಿ ನೋಡೋ ರಕ್ತಪರೀಕ್ಷೆ) ರಿಪೋರ್ಟೂ, ಈಗ ನುಂಗ್ತಿರೋ ಮಾತ್ರೆಗಳ ಫೋಟೋನೂ ನನಗೆ ಕಳ್ಸು. ಕಿಡ್ನಿ ಸರಿ ಇಲ್ದಿದ್ರೆ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಬೇಡ ಅಂತ ಅವತ್ತೇ ಅಲ್ಲಿ ಹೇಳ್ಬೇಕಾಗುತ್ತೆ.