ಜಪಾನಿ ಶೈಲಿಯ ತಗ್ಗು ಮಂಚ ಸ್ವಂತ ಕೈಯಲ್ಲಿ ಮಾಡಿದವರು ಇದ್ದೀರಾ? ಅನುಭವ ಹೇಳಿ

ದಾವಣಗೆರೆ_ಹವ್ಯಾಸಿ
ನಮಸ್ಕಾರ. ನೆಲಕ್ಕೆ ಹತ್ತಿರದ ಜಪಾನಿ ಮಾದರಿ ಮಂಚ, ಎರಡು ಸೈಡ್ ಟೇಬಲ್, ಸಾಧ್ಯವಾದರೆ ಶೋಜಿ (ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಜಪಾನಿ ಬಾಗಿಲು) ತರಹ ಜಾರುಬಾಗಿಲಿನ ಬೀರು ನಾನೇ ಮಾಡಬೇಕು ಅಂತಿದ್ದೀನಿ. ರೂಮು 11x10 ಅಡಿ, ಹಾಸಿಗೆ 78x72 ಇಂಚು. ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ. ಬಜೆಟ್ 60 ಸಾವಿರ. ಯಾವ ಮರ? ಮೊಳೆ ಇಲ್ಲದೆ ಜೋಡಿಸಬಹುದಾ?

ಉಳಿಪೆಟ್ಟು
ಮಾಡಿದ್ದೀನಿ, ಅದರ ಮೇಲೇ ಮಲಗ್ತಿದ್ದೀನಿ. ಲೆಕ್ಕ ಬರ್ಕೊಳ್ಳಿ. ಸುತ್ತ 8 ಇಂಚಿನ ಪಟ್ಟಿ, ನಡುವೆ ತೊಲೆ, 14 ಅಡ್ಡಪಟ್ಟಿ, ಆರು ಮೋಟುಗಾಲು, 24 ಇಂಚಿನ ಹೆಡ್‌ಬೋರ್ಡ್. ಕಾಗದದ ಮೇಲೆ ಆರೂವರೆ ಸಿಎಫ್‌ಟಿ (ಘನ ಅಡಿ). ಬಿಳಿ ಭಾಗ, ಗಂಟು, ಬಿರುಕು ಕಳೆದರೆ 9 ಬೇಕಾಯ್ತು. ತೇಗ 3,800ರಂತೆ 34,200. ಸೀಳಿಸಿ ಪ್ಲೇನ್ ಹೊಡೆಸಿದ್ದಕ್ಕೆ 4,500. ಟೆಂಪೋ 1,800, ಹತ್ತಿಸಿ ಇಳಿಸೋರಿಗೆ 600. ಮೂರನೇ ಮಹಡಿ ಅಂದ ತಕ್ಷಣ ಇನ್ನೂ 400. ಎಳೆದು ಕೊಯ್ಯೋ ಜಪಾನಿ ಗರಗಸ 2,600, ಉಳಿ ಸೆಟ್ 3,900. ಕ್ಲ್ಯಾಂಪ್‌ಗೆ ಎಷ್ಟಾಯ್ತು ಅಂತ ಮನೇಲಿ ಇನ್ನೂ ಹೇಳಿಲ್ಲ.

ಇನ್ನು ಮರದ ಅಂಗಡಿಯವನ ಕಥೆ. ಸೀಸನ್ ಆಗಿದೆ ಅಂತ ತಾಯಾಣೆ ಹಾಕಿದ. ಮೀಟರ್ ಚುಚ್ಚಿದರೆ 19 ಪರ್ಸೆಂಟ್ ತೇವ. "ಅದು ಚೈನಾ ಮೀಟರ್ ಸಾರ್" ಅಂದ. ಬದಲಾಯಿಸಲ್ಲ, ಅಡ್ವಾನ್ಸೂ ವಾಪಸ್ ಕೊಡಲ್ಲ. ಬೇಸಿಗೆ ಹೊತ್ತಿಗೆ 11ಕ್ಕೆ ಇಳೀತು. ಒಂದು ಪರ್ಸೆಂಟ್ ತೇವ ಹೋದರೆ ತೇಗದ ಹಲಗೆ ಅಗಲದಲ್ಲಿ ಹೆಚ್ಚುಕಮ್ಮಿ 0.2 ಪರ್ಸೆಂಟ್ ಕುಗ್ಗತ್ತೆ. 24 ಇಂಚಿಗೆ ಮೂರು ನೂಲು ಆಯ್ತು (ನೂಲು ಅಂದ್ರೆ ಇಂಚಿನ ಎಂಟನೇ ಒಂದು ಭಾಗ). ಹೆಡ್‌ಬೋರ್ಡ್ ಈ ತುದಿಯಿಂದ ಆ ತುದಿಗೆ ಸೀಳ್ತು. ಸರಿಮಾಡೋಕೆ ಇನ್ನೊಂದು ಸಿಎಫ್‌ಟಿ, ಅದನ್ನೂ ಅವನ ಹತ್ತಿರಾನೇ ತರಬೇಕಾಯ್ತು, ಬಣ್ಣ ಹೊಂದಬೇಕಲ್ಲ.

ಆದರೆ ಇಡೀ ಮಂಚದಲ್ಲಿ ಒಂದೇ ಒಂದು ಮೊಳೆ ಇಲ್ಲ. ಎಲ್ಲಾ ಬೆಣೆ ಹೊಡೆದ ಟೆನಾನ್, ಅಂದ್ರೆ ಒಂದು ಮರದ ತುದೀನ ನಾಲಿಗೆ ಥರ ಕೊಯ್ದು ಇನ್ನೊಂದರ ತೂತಿಗೆ ಕೂರಿಸೋದು. ನಿಜವಾದ ಜಪಾನಿ ಕೆಲಸ ಅಂದ್ರೆ ಅದೇ.

ಕೆಚ್ಚುಮರ_ಧಾರವಾಡ
ಹೆಡ್‌ಬೋರ್ಡ್ ಸೀಳಿದ್ದು ಅಂಗಡಿಯವನ ತಪ್ಪಲ್ರೀ. ಹಸೀ ಹಲಗಿಗೆ ಸುತ್ತೂ ಕಡೆ ಅಂಟ್ ಹಚ್ಚಿ ಬಿಗದ್ರ ಅದರ ಏನ್ ಮಾಡಬೇಕು? ಚೀನಾದ ಮಿಂಗ್ ಕಾಲದ (1368–1644) ಮಂಚ ನೋಡ್ರಿ. ಚೌಕಟ್ಟಿಗೆ ಒಳಗ ಗ್ರೂವ್ ಹೊಡದು ಹಲಗಿ ಅಂಟಿಲ್ಲದ ಕೂಡಿಸ್ಯಾರ. ಹಿಗ್ಗಲಿ, ಕುಗ್ಗಲಿ, ಅದರ ಪಾಡಿಗೆ ಅದು.

ನಂದು ಅದs ನಮೂನಿ, ಆರು ಕಂಬದ ಚಪ್ಪರದ ಮಂಚ. ಹೊನ್ನಿ ಮರ, ದಾಂಡೇಲಿ ಡಿಪೋದ ಹರಾಜಿನ ಮಾಲು. ಒಂದ್ ನೂಲೂ ಅಲುಗಿಲ್ಲ. ತ್ರಾಸ ಬಂದಿದ್ದು ಬ್ಯಾರೆ ಕಡೆ. ಹೊನ್ನಿ ಒದ್ದಿ ಆತಂದ್ರ ಹಳದಿ ಬಣ್ಣ ಬಿಡತದ. ಮಳಿಗಾಲದಾಗ ಕಿಡಕಿ ತೆಗದಿತ್ತು, ಬಿಳೇ ಚಾದರ ಅರಿಷಿಣದ ನೀರಾಗ ಅದ್ದಿದಂಗ ಆತು. ನಮ್ಮ ಅತ್ತಿಯವರು ಕೊಟ್ಟ ಚಾದರ! ಆಮ್ಯಾಲೆ ಮೂರು ಕೋಟ್ ಪಾಲಿಶ್, ಮಜೂರಿ ಸೇರಿ 7,200. ಚಪ್ಪರಕ್ಕ ಫ್ಯಾನ್ ಅಡ್ಡ ಬಂತು, ಎಲೆಕ್ಟ್ರಿಶಿಯನ್‌ಗ 900. ಆದ್ರೂ ಸೊಳ್ಳಿ ಪರದೆ ಕಟ್ಟಲಿಕ್ಕೆ ಅಂಥಾ ಮಂಚ ಇನ್ನೊಂದಿಲ್ಲ.

ಉಳಿಪೆಟ್ಟು
ಸುತ್ತೂ ಕಡೆ ಅಂಟು ಹಾಕಿದ್ದೆ ಅಂತ ನಾನೆಲ್ಲಿ ಬರೆದೆ? ಕನಸಲ್ಲಿ ಬಂದು ನೋಡಿದ್ರಾ? ಅವರು ಕೇಳಿರೋದು ಜಪಾನಿ ಮಂಚ, ನೀವು ಚೀನಾದ್ದು ತಂದು ಹಾಕ್ತಿದ್ದೀರ.

ಕೆಚ್ಚುಮರ_ಧಾರವಾಡ
ಅಂಟ್ ಹಾಕಿರಲಿಲ್ಲಂದ್ರ ಯಾಕ ಸೀಳ್ತು, ಅದನ್ನ ಹೇಳ್ರಿ ಮೊದಲ.

ಪುತ್ತೂರಿನವಳು
ಜಗಳ ಆಮೇಲೆ ಮಾಡಿ ಮಾರಾಯ್ರೆ. ಜಪಾನಿನ ಹಳೆ ಮನೆಗಳಲ್ಲಿ ಮಂಚವೇ ಇರಲಿಲ್ಲ. ತತಾಮಿ ಚಾಪೆಯ ಮೇಲೆ ಫುಟಾನ್ ಎಂಬ ಮಡಚುವ ತೆಳು ಹಾಸಿಗೆ ಹಾಸಿ ಮಲಗಿ, ಬೆಳಗ್ಗೆ ಮಡಚಿ ಗೋಡೆ ಕಪಾಟಿಗೆ ಸೇರಿಸುವುದು. ಹಾಸಿಗೆ ದಿನಾ ಎತ್ತುವುದರಿಂದ ಅಡಿಗೆ ಗಾಳಿ ಆಡ್ತದೆ. ನಾವು ಮಾಡುವುದೇನು? 9 ಇಂಚಿನ ಹಾಸಿಗೆ ತಂದು ತಗ್ಗು ಮಂಚದ ಮೇಲೆ ಹಾಕಿದರೆ ವರ್ಷಗಟ್ಟಲೆ ಎತ್ತುವುದುಂಟಾ?

ನಮ್ಮದು ಹಲಸಿನ ಮರ, ತೋಟದ್ದೇ. ಮರಕ್ಕೆ ದುಡ್ಡಿಲ್ಲ ಅಂತ ಎಲ್ಲರೂ ಹೇಳ್ತಾರೆ. ಕಡಿದವರಿಗೆ 3,000, ಸಾಮಿಲ್ಲಿಗೆ 5,500, ಅಟ್ಟದಲ್ಲಿ ಎರಡು ಬೇಸಿಗೆ ಒಣಗಿಸಿದ್ದು, ಅದಕ್ಕೆ ಬೆಲೆ ಇಲ್ವಾ? ಆಚಾರಿಗಳಿಗೆ ದಿನಕ್ಕೆ 1,300 ಮತ್ತು ಎರಡು ಹೊತ್ತು ಚಾ. ಅವರು ಕಾಲು 6 ಇಂಚೇ ಸಾಕು ಅಂದರು, ಫೋಟೋದಲ್ಲಿ ಹಾಗೆಯೇ ಇದೆ ಅಂತ. ಮಳೆಗಾಲದ ಆಟಿ ತಿಂಗಳಲ್ಲಿ ಹಾಸಿಗೆಯ ಅಡಿಯಲ್ಲಿ ಬೂಷ್ಟು! ಹಾಸಿಗೆ 16,000ದ್ದು, ಗ್ಯಾರಂಟಿಯಲ್ಲಿ ತೇವ ಬರುವುದಿಲ್ಲವಂತೆ. ಕಾಲು ಕಳಚಿ 13 ಇಂಚಿನದ್ದು ಹಾಕಿಸಿದೆ. ಈಗ ಅದು ಜಪಾನಿಯೂ ಅಲ್ಲ, ಏನೂ ಅಲ್ಲ, ಅಡಿಯಲ್ಲಿ ಬೆಕ್ಕು ಮಲಗ್ತದೆ.

ಸೈಟ್_ಮೇಸ್ತ್ರಿ
ಇಷ್ಟೆಲ್ಲಾ ಗೋಳು ಯಾಕೆ ಬ್ರದರ್? 19 ಎಂಎಂ ಬಿಡಬ್ಲ್ಯೂಪಿ (ನೀರು ತಡೆಯೋ) ಪ್ಲೈ, ಮೇಲೆ ತೇಗದ ವಿನೀರ್, ಅಂದ್ರೆ ಮರದ ತೆಳು ಹಾಳೆ. ಅಡಿಗೆ 110ರಂತೆ ಒಂದು 8x4 ಶೀಟ್ 3,520. ಮಂಚಕ್ಕೆ ಮೂರು ಶೀಟ್, ಕೆಳಗೆ ಹೈಡ್ರಾಲಿಕ್ ಸ್ಟೋರೇಜ್. ಕುಗ್ಗಲ್ಲ, ಹಿಗ್ಗಲ್ಲ. ನೋಡೋಕೆ ಜಪಾನೇ. ಕಸ್ಟಮರ್ ಯಾರೂ ಒಳಗೆ ಬಗ್ಗಿ ನೋಡಲ್ಲ.

ಉಳಿಪೆಟ್ಟು
"ಬಗ್ಗಿ ನೋಡಲ್ಲ." ಸಾರ್, ನೀವು ಯಾರ ಮನೆ ಕೆಲಸ ಹಿಡಿತೀರ ಅಂತ ಮೊದಲೇ ಹೇಳಿ, ಆ ಕಡೆ ಹೋಗಲ್ಲ.

ಸೈಟ್_ಮೇಸ್ತ್ರಿ
ನಿಮ್ಮ ಹೆಡ್‌ಬೋರ್ಡ್ ಸೀಳಿದ ದಿನವೂ ನನ್ನ ಪ್ಲೈ ಮಂಚ ಗಟ್ಟಿಯಾಗೇ ನಿಂತಿತ್ತು.

ಜರ್ಸಿ_ಅಕ್ಕ
ಮೊಳೆ ಇಲ್ಲದ್ದೇ ನಿಜವಾದ ಜಪಾನಿ ಕೆಲಸ ಅಂತ ಬರೆದವರಿಗೆ: 7ನೇ ಶತಮಾನದಲ್ಲಿ ಕಟ್ಟಿಸಿದ ಜಪಾನಿನ ಹೊರ್ಯೂಜಿ ಬೌದ್ಧ ದೇವಾಲಯದಲ್ಲೂ ಬಡಿದು ಮಾಡಿದ ಕಬ್ಬಿಣದ ಮೊಳೆಗಳಿವೆ. ಅಲ್ಲಿನ ಹಳೆಯ ತಾನ್ಸು (ಬಟ್ಟೆಬರೆ ಇಡುವ) ಪೆಟ್ಟಿಗೆಗಳ ಅಂದವೇ ಅವುಗಳ ಕಬ್ಬಿಣದ ಪಟ್ಟಿಗಳಲ್ಲಿದೆ.

ನನಗೆ ಹುಚ್ಚು ಹಿಡಿಸಿದ್ದು ಜಪಾನಿ ಮೂಲದ ಅಮೆರಿಕನ್ ಪೀಠೋಪಕರಣ ವಿನ್ಯಾಸಕ ಜಾರ್ಜ್ ನಕಾಶಿಮಾ. ಅವರು 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕೊಂಡ ವಸತಿಗೃಹದ ಕೆಲಸ ನೋಡಿಕೊಂಡವರು, ಅಲ್ಲಿನ ತೇಗದ ಪೀಠೋಪಕರಣವೂ ಅವರ ವಿನ್ಯಾಸವೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಜಪಾನಿ ಮೂಲದವರನ್ನು ಕೂಡಿಹಾಕಿದಾಗ ಐಡಾಹೊದ ಮಿನಿಡೋಕಾ ಶಿಬಿರದಲ್ಲಿ ಒಬ್ಬ ಜಪಾನಿ ಬಡಗಿಯ ಕೈಕೆಳಗೆ ಕೆಲಸ ಕಲಿತರು. 1964ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಗೂ ಬಂದಿದ್ದರು. ಅವರು ಬಿರುಕನ್ನು ಮುಚ್ಚುತ್ತಿರಲಿಲ್ಲ, ಮೇಲೆ ಚಿಟ್ಟೆ ಆಕಾರದ ಬೆಣೆ ಕೂರಿಸುತ್ತಿದ್ದರು, ಕಾಣುವ ಹಾಗೇ. ಸೀಳಿದ ಹೆಡ್‌ಬೋರ್ಡ್ ಎಸೆಯುವ ಮುಂಚೆ ಯೋಚಿಸಿ.

ನಾನು ಮಾಡಿದ್ದು ವಾಲ್ನಟ್‌ನಲ್ಲಿ. ಬೋರ್ಡ್ ಫೂಟಿಗೆ 14 ಡಾಲರ್. 12 ಬೋರ್ಡ್ ಫೂಟಿಗೆ ನಿಮ್ಮ ಒಂದು ಸಿಎಫ್‌ಟಿ, ಅಂದರೆ 168 ಡಾಲರ್. ರೂಪಾಯಿಗೆ ತಿರುಗಿಸಬೇಡಿ, ನಮ್ಮ ಯಜಮಾನರು ತಿರುಗಿಸಿ ಊಟ ಬಿಟ್ಟಿದ್ದರು. ಚಳಿಗಾಲದ ಹೀಟರ್‌ಗೆ ಟೇಬಲ್ ಹಲಗೆ ದೋಣಿಯಾಯಿತು. ಇನ್ನೊಂದು ಮಾತು, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತುತ್ತದೆ. ನಮ್ಮ ಗ್ಯಾರೇಜಿನ ಕಸದ ಡಬ್ಬ ಹಾಗೆಯೇ ಹೋಯಿತು.

ಉಳಿಪೆಟ್ಟು
ಅಕ್ಕಾ, ದೇವಸ್ಥಾನದ ಚಾವಣಿ ಬೇರೆ, ಮಂಚ ಬೇರೆ. ನಾನು ಹೇಳಿದ್ದು ಮಂಚದ ಮಾತು.

ಪುತ್ತೂರಿನವಳು
ಮಂಚವೇ ಇರಲಿಲ್ಲ ಅಂತ ಆಗಲೇ ಬರೆದಿದ್ದೇನೆ. ಇಲ್ಲದ ಮಂಚಕ್ಕೆ ಮೊಳೆ ಇತ್ತಾ ಇಲ್ವಾ ಅಂತ ಯಾಕೆ ಹೊಡೆದಾಡ್ತೀರಿ?

ದಾವಣಗೆರೆ_ಹವ್ಯಾಸಿ
ಎಲ್ಲರಿಗೂ ಥ್ಯಾಂಕ್ಸ್. ಬೀರುವಿನ ಜಾರುಬಾಗಿಲು ಯಾರಾದರೂ ಮಾಡಿದ್ದೀರಾ? ಆ ಜಪಾನಿ ಗರಗಸ ತಗೊಳ್ಳಲಾ?

ಕೆಚ್ಚುಮರ_ಧಾರವಾಡ
ಬ್ಯಾಡ. ತೇಗದಾಗ ಸಿಲಿಕಾ ಇರತದ, ಹಲ್ಲು ಲಗೂ ಮೊಂಡ ಆಗತಾವ. ಆ ಗರಗಸದ ಹಲ್ಲಿಗೆ ಕಾಸಿ ಗಟ್ಟಿ ಪಾನ ಹಿಡಿಸಿರ್ತಾರ, ಅರ ಕಚ್ಚಂಗಿಲ್ಲ. ಬ್ಲೇಡ್ ಒಗದು ಹೊಸಾದು ತರಬೇಕು. ನಮ್ಮ ಸಾದಾ ಗರಗಸ ಆದ್ರ ಸಂಜಿಮುಂದ ಕುಂತು ಮೂಲಿ ಅರ ಹಚ್ಚಿದ್ರ ಮುಗೀತು.

ಉಳಿಪೆಟ್ಟು
ಬ್ಲೇಡ್ 1,100ಕ್ಕೆ ಬೇರೆ ಸಿಗತ್ತೆ, ಹಿಡಿ ಅದೇ ಇರತ್ತೆ. ಎಳೆದು ಕೊಯ್ಯೋದರಿಂದ ಬ್ಲೇಡ್ ತೆಳ್ಳಗಿರತ್ತೆ, ಗೆರೆ ಬಿಟ್ಟು ಹೋಗಲ್ಲ. ನಿಮ್ಮ ಗರಗಸದಲ್ಲಿ ಕೊಯ್ದ ಟೆನಾನ್ ಫೋಟೋ ಹಾಕಿ ನೋಡೋಣ.

ಕೆಚ್ಚುಮರ_ಧಾರವಾಡ
ಮೊದಲ ನಿಮ್ಮ ಹೆಡ್‌ಬೋರ್ಡಿನ ಫೋಟೋ ಹಾಕ್ರಿ.