ಸಹಾಯ ಬೇಕು: ಯೂರೋಸ್ಟೈಲ್ ಜೊತೆ ಹೊಂದುವ ದಪ್ಪ ಕನ್ನಡ ಫಾಂಟ್

ಎಲ್ಲರಿಗೂ ನಮಸ್ಕಾರ. ಮಕ್ಕಳ ವಿಜ್ಞಾನ ಮೇಳಕ್ಕೆ ಪೋಸ್ಟರ್ ಮಾಡುತ್ತಿದ್ದೇನೆ. ಇಂಗ್ಲಿಷ್ ತಲೆಬರಹಕ್ಕೆ ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್ ಎಂಬ ದಪ್ಪ, ಅಗಲ ಫಾಂಟ್ ಹಾಕಿದ್ದೇನೆ. ಇಟಲಿಯ ಆಲ್ಡೊ ನೊವಾರೆಸೆ 1962ರಲ್ಲಿ ರೂಪಿಸಿದ್ದು. ಅದರ ‘ಓ’ ನೋಡಿ, ಪೂರ್ತಿ ಗುಂಡಗಿಲ್ಲ. ಹಳೇ ಟೀವಿ ಪರದೆಯ ಹಾಗೆ ಮೂಲೆ ಉರುಟಾದ ಚೌಕ. ಈಗಲೂ ರಾಕೆಟ್ ಕಾಲದ ಖದರ್ ಇದೆ, ಅಲ್ವಾ?

ಕನ್ನಡದ ಸಾಲಿಗೆ ಮಾತ್ರ ಜೋಡಿ ಸಿಗುತ್ತಿಲ್ಲ. ‘ಬಾಲೂ ತಮ್ಮ’ ಫಾಂಟ್ ದಪ್ಪ ಇದೆ, ಆದರೆ ಮೃದು ಜಾಸ್ತಿ. ‘ಅನೇಕ್ ಕನ್ನಡ’ ಫಾಂಟನ್ನು ಅಗಲ ಮಾಡಬಹುದು, ಆದರೂ ಆ ಚೌಕದ ಗತ್ತು ಬರುವುದಿಲ್ಲ. ಸುಮ್ನೆ ಅಕ್ಷರ ಎಳೆದು ಹಿಗ್ಗಿಸಿದರೆ ತಲೆಕಟ್ಟು ಕೆಡುತ್ತದೆ. ‘ನಕ್ಷತ್ರ’ದ ಒತ್ತಕ್ಷರಗಳು ದೂರದಿಂದಲೂ ಓದಲು ಬರಬೇಕು. ಅಂಥ ಯೂನಿಕೋಡ್ ಫಾಂಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದುಡ್ಡು ಕೊಟ್ಟು ಕೊಳ್ಳಲೂ ಸಿದ್ಧ. ಶನಿವಾರ ಪ್ರಿಂಟಿಗೆ ಕೊಡಬೇಕು.