ಬ್ಯಾಂಕ್ ಕಳವು, ಒಳಗಿನವರ ಕೈವಾಡ: ಅಪೀಲಿನ ಬಗ್ಗೆ ವಕೀಲರಿಗೆ ಕೇಳ್ರಿ

ಶಹಾಪುರ ಸದಸ್ಯ: ವಕೀಲ್ರೀ, 2019ರ ಕಳವು. ತಿಜೋರಿ ಕೊರೆದಿಲ್ಲ, ಕೀಲಿಯಿಂದಲೇ ತೆಗೆದಾರ. ಕೀಲಿ ಹಿಡಿದಿದ್ದ ಕ್ಯಾಷಿಯರ್‌ಗೆ ಐಪಿಸಿ 381 (ನೌಕರನೇ ಮಾಡಿದ ಕಳವು), 457 (ರಾತ್ರಿ ಕನ್ನ), 120ಬಿ (ಒಳಸಂಚು) ಹಚ್ಚಿ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಕೋರ್ಟ್ 5 ವರ್ಷ ಹಾಕ್ಯದ. ಅವನ ಮನ್ಯಾಗ ಒಂದು ಗ್ರಾಂ ಬಂಗಾರ ಸಿಕ್ಕಿಲ್ಲ. ಸೀದಾ ಕಲಬುರಗಿ ಹೈಕೋರ್ಟ್ ಪೀಠಕ್ಕ ಹೋಗ್ಬೇಕೇನ್ರಿ?

ವಕೀಲರು: ಇಲ್ಲ. ಮೊದಲು ಸೆಷನ್ಸ್ ಕೋರ್ಟ್, 30 ದಿನದೊಳಗ. ತೀರ್ಪಿನ ನಕಲಿಗೆ ಹಿಡಿದ ದಿನ ಲೆಕ್ಕಕ್ಕ ಬರಲ್ಲ. ಶಿಕ್ಷೆ 3 ವರ್ಷ ದಾಟ್ಯದ, ಹಂಗಾಗಿ ಶಿಕ್ಷೆ ತಡೆಹಿಡೀರಿ ಅನ್ನೋ ಅಮಾನತು ಅರ್ಜಿನೂ ಅಪೀಲಿನ ಜೊತಿಗೇ ಅಲ್ಲೇ ಹಾಕ್ರಿ. ಅಲ್ಲಿ ಸೋತ್ರ ಹೈಕೋರ್ಟಿಗೆ ರಿವಿಷನ್ (ತೀರ್ಪಿನಾಗ ಕಾನೂನು ತಪ್ಪು ಅದೇನು ಅಂತ ನೋಡ್ರಿ ಅನ್ನೋ ಅರ್ಜಿ), 90 ದಿನ. ಆದ್ರ ರಿವಿಷನ್‌ದಾಗ ಸಾಕ್ಷ್ಯ ಮತ್ತೊಮ್ಮೆ ತೂಗೋದು ಅಪರೂಪ. ಇದ್ದಬದ್ದ ಶಕ್ತಿ ಸೆಷನ್ಸ್‌ದಾಗೇ ಹಾಕ್ರಿ.

ಈ ಕೇಸ್ ನನಗ ಚಿಂತಿಗೆ ಹಚ್ಚ್ಯದ. ಕೀಲಿ ಅವನ ಕೈಯಾಗಿತ್ತು ಅಂದ್ರ ಸಂಶಯ ಬರ್ತದ, ಅಪರಾಧ ಸಾಬೀತಾಗಲ್ಲ. ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಾಗ. ಡೂಪ್ಲಿಕೇಟ್ ಬ್ಯಾರೆ ಶಾಖೆದಾಗ, ಸೀಲ್ ಹಾಕಿದ ಲಕೋಟಿದಾಗ. ಕೀಲಿ ರಿಜಿಸ್ಟರ್ ಕೋರ್ಟಿಗೆ ಹಾಜರಾಗ್ಯದೇನು? ಅವನು ರಜೆ ಹಾಕಿದ ದಿನ ಯಾರಿಗೆ ಒಪ್ಪಿಸಿದ? ಎರಡನೇ ಕೀಲಿಯವರನ್ನ ಸಾಕ್ಷಿ ಮಾಡಿ ಕೈತೊಳಕೊಂಡಾರೇನು? ಡೂಪ್ಲಿಕೇಟಿನ ಸೀಲ್ ತನಿಖಾಧಿಕಾರಿ ನೋಡೇ ಇಲ್ಲಂದ್ರ ಸರಪಳಿ ಅಲ್ಲೇ ಕಡೀತದ.

‘ಕೀಲಿ ಅಚ್ಚು ಅವನೇ ಕೊಟ್ಟ’ ಅಂತ ಇನ್ನೊಬ್ಬ ಆರೋಪಿ ಪೊಲೀಸರ ಮುಂದ ಅಂದಿದ್ರ ಸಾಕ್ಷ್ಯ ಕಾಯ್ದೆ 25ರ ಪ್ರಕಾರ ಅದು ನಡಿಯಲ್ಲ. 27ರಾಗ ಒಳಗ ಬರೋದು ಮಾಲು ಪತ್ತೆಗೆ ನೇರ ಕಾರಣಾದ ಮಾತಷ್ಟೇ. 1947ರ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇದೇ ನಡಕೊಂಡು ಬಂದದ. ಕಾಲ್ ರೆಕಾರ್ಡಿಗೆ (ಫೋನ್ ಕರೆಗಳ ಪಟ್ಟಿ) 65ಬಿ ಪ್ರಮಾಣಪತ್ರ, ಅಂದ್ರ ಕಂಪ್ಯೂಟರ್ ದಾಖಲೆಗೆ ಬೇಕಾದ ದೃಢೀಕರಣ, ಇಲ್ಲಂತ ಭಾಳ ಹಿಗ್ಗಬ್ಯಾಡ್ರಿ. ಕೆಳಗಿನ ಕೋರ್ಟಿನಾಗ ಆ ದಾಖಲೆಗೆ ಗುರುತು ಹಾಕುವಾಗ ತಕರಾರು ಮಾಡಿಲ್ಲಂದ್ರ ಅಪೀಲಿನಾಗ ಹೊಸದಾಗಿ ಎತ್ತಲಿಕ್ಕೆ ಬರಲ್ಲ, 2017ರ ಸೋನು ಪ್ರಕರಣ ಓದ್ರಿ. ಅದರ ಬದಲು ದಂಡ ಪ್ರಕ್ರಿಯಾ ಸಂಹಿತೆ 313ರ ಹೇಳಿಕೆ (ಸಾಕ್ಷ್ಯದ ಬಗ್ಗೆ ಕೋರ್ಟ್ ಆರೋಪಿಗೆ ಕೇಳಿ ಬರ್ಕೊಂಡ ಉತ್ತರ) ತೆಗೀರಿ. ಕರೆಗಳ ಬಗ್ಗೆ ಅವನಿಗೆ ಪ್ರಶ್ನೆನೇ ಕೇಳದೆ ಅದರ ಮ್ಯಾಲೆ ಶಿಕ್ಷೆ ಕೊಟ್ಟಿದ್ರ ಆ ಅಂಶನೇ ಅಪೀಲಿನ ಮೊದಲ ಪುಟಕ್ಕ ಬರಲಿ.

ಆಳಂದ ಸದಸ್ಯ: ಅಪೀಲಿಗೆ ಎಷ್ಟು ದಿನ ಸರ್?

ವಕೀಲರು: ಮ್ಯಾಲೆ ಅದ. 30.

ಹುಮನಾಬಾದ್ ಸದಸ್ಯ: ಫಾರ್ವರ್ಡ್ ಬಂದದ: ‘2024 ಜುಲೈ 1ರಿಂದ ಐಪಿಸಿ ರದ್ದು, ಹಳೇ ಶಿಕ್ಷೆ ಎಲ್ಲಾ ವಜಾ. ಬ್ಯಾಂಕಿಗೆ ರೊಕ್ಕ ಕಟ್ಟಿ ರಾಜಿ ಪತ್ರ ತಂದ್ರ ಖುಲಾಸೆ.’

ವಕೀಲರು: ಐಪಿಸಿ ರದ್ದಾಗಿದ್ದು ಖರೆ, ಉಳಿದ ಎರಡೂ ಸುಳ್ಳು. ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆಯ 358ನೇ ಕಲಂ ಹಳೇ ಅಪರಾಧ, ಹಳೇ ಶಿಕ್ಷೆ ಎರಡನ್ನೂ ಉಳಿಸ್ಯದ. 457, 380 (ಕಟ್ಟಡದಾಗಿನ ಕಳವು), 409 (ಬ್ಯಾಂಕಿನವರ ನಂಬಿಕೆ ದ್ರೋಹ) ರಾಜಿ ಆಗೋ ಕಲಮಲ್ಲ. ರೊಕ್ಕ ಕಟ್ಟಿದ್ರ ಶಿಕ್ಷೆ ಇಳೀಬಹುದು, ಆದ್ರ ‘ಕದ್ದಿಲ್ಲ ಅಂದ್ರ ಯಾಕ ಕಟ್ಟಿದಿ’ ಅಂತ ಸರ್ಕಾರಿ ವಕೀಲರು ಕೇಳೇ ಕೇಳ್ತಾರ. ಇಂಥದ್ದನ್ನ ನಂಬಿ 30 ದಿನ ಕಳ್ಕೊಂಡವರು ಆಮೇಲೆ ವಿಳಂಬ ಮಾಫಿ ಅರ್ಜಿ ಹಿಡ್ಕೊಂಡು ತಿರಗ್ತಾರ. ಇಲ್ಲಿ ಹಾಕಬ್ಯಾಡ್ರಿ.

ಸೇಡಂ ಸದಸ್ಯ: ಅಡವಿಟ್ಟ ನಮ್ಮ ಬಂಗಾರದ ಗತಿ ಏನ್ರಿ? ಪೊಲೀಸರು ಹಿಡಿದು ವರ್ಷ ಆದ್ವು.

ಬೀದರ್, ನಿವೃತ್ತ ಬ್ಯಾಂಕ್ ನೌಕರ: ವಿಮೆ ಬರ್ತದ, ಬ್ಯಾಂಕ್ ಕೊಡ್ತದ. ಸುಮ್ಕ ಗದ್ದಲ ಮಾಡ್ತೀರಿ.

ಸೇಡಂ ಸದಸ್ಯ: ಕೊಟ್ರ ಗ್ರಾಂ ಲೆಕ್ಕದಾಗ ರೊಕ್ಕ ಕೊಡ್ತೀರಿ. ಮಜೂರಿ ಯಾರಪ್ಪ ಕೊಡ್ತಾನ? ಕೀಲಿ ನಿಮ್ಮ ಮಂದೀದು, ಕಳವೂ ನಿಮ್ಮ ಮಂದೀದು.

ಬೀದರ್, ನಿವೃತ್ತ ಬ್ಯಾಂಕ್ ನೌಕರ: ಎಲ್ಲಾ ನೌಕರರನ್ನ ಕಳ್ಳರ ಮಾಡಬ್ಯಾಡ್ರಿ. ಹಿಂದಿನ ಕಿಟಕಿ ಗ್ರಿಲ್ ಕುಯ್ಯೋರು, ಸೈರನ್ ವೈರ್ ಕತ್ತರಿಸೋರು ಹೊರಗಿನವರು.

ಸೇಡಂ ಸದಸ್ಯ: ಡಿವಿಆರ್ (ಸಿಸಿಟಿವಿ ರೆಕಾರ್ಡರ್) ಯಾವ ಕಪಾಟಿನಾಗದ ಅಂತ ಹೊರಗಿನವರಿಗೆ ಕನಸು ಬಿತ್ತೇನು?

ವಕೀಲರು: ಇಬ್ಬರೂ ನಿಲ್ಲಸ್ರಿ. ವಿಚಾರಣೆ ಇನ್ನೂ ನಡೀಲಿಕ್ಕತ್ತಿದ್ರ ನಾಗರಿಕ ಸುರಕ್ಷಾ ಸಂಹಿತೆ (ದಂಡ ಪ್ರಕ್ರಿಯಾ ಸಂಹಿತೆ ಬದಲಿಗೆ ಬಂದದ್ದು) 497ರಾಗ ಮಧ್ಯಂತರ ಬಿಡುಗಡೆ ಅರ್ಜಿ. ಫೋಟೋ, ತೂಕದ ಪಂಚನಾಮೆ, ಬಾಂಡ್ ಇಟ್ಟು ಕೊಡಲಿಕ್ಕೆ 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ತೀರ್ಪು ಸಾಕು. ಅಡವಿನ ಚೀಟಿ, ಒಡವಿ ವಿವರ ಜೋಡಸ್ರಿ. ತೀರ್ಪಾಗಿದ್ರ 498. ಆ ಆದೇಶ 2 ತಿಂಗಳು ಜಾರಿ ಆಗಲ್ಲ, ಅಪೀಲು ಬಿದ್ರ ಅದು ಮುಗಿಯೋತನಕ ಇಲ್ಲ. ಬಾಂಡ್ ಕೊಟ್ಟವರಿಗೆ ಮಾತ್ರ ಮೊದಲೇ ಸಿಗ್ತದ. ಅದನ್ನ ಕೇಳಿ ಪಡೀರಿ, ತಾನಾಗೇ ಬರಲ್ಲ.

ಸುರಪುರ ಸದಸ್ಯ: ಶಿಕ್ಷೆ ಅಮಾನತಾದ್ರ ನೌಕರಿ ವಾಪಸ್ ಬರ್ತದೇನ್ರಿ? ಪಿಎಫ್, ಗ್ರಾಚ್ಯುಟಿ ಗತಿ ಏನು?

ವಕೀಲರು: ನೌಕರಿ ಬರಲ್ಲ. ಶಿಕ್ಷೆ ನಿಂತ್ರೂ ‘ಅಪರಾಧಿ’ ಅನ್ನೋದು ಉಳೀತದ. ನೈತಿಕ ಅಧಃಪತನದ ಅಪರಾಧಿಯನ್ನ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ 10ರ ಪ್ರಕಾರ ಇಟ್ಕೊಳ್ಳಲಿಕ್ಕೇ ಬರಲ್ಲ.

ಸುರಪುರ ಸದಸ್ಯ: ಗ್ರಾಚ್ಯುಟಿ?

ಚಿತ್ತಾಪುರ ಸದಸ್ಯ: ಸರ್, ಅಪೀಲಿಗೆ ಎಷ್ಟು ದಿನ ಟೈಮ್ ಇರ್ತದ?

ವಕೀಲರು: ಮ್ಯಾಲೆ ಓದೋ ಪುರಸೊತ್ತು ಇಲ್ಲದವರು ಅಪೀಲು ಹ್ಯಾಂಗ ಹಾಕ್ತೀರಿ?